ಗಾಯದ ಅಳತೆಯೂ ಚಿಕಿತ್ಸೆಯ ಗುಣವೂ

ಚಾಮರಾಜನಗರದ ಚಂದಕವಾಡಿ ಹೋಬಳಿಯಲ್ಲಾಗಲಿ, ಗುಂಡ್ಲುಪೇಟೆ ಕಡೆಯ ಹಳ್ಳಿಗಳಲ್ಲಾಗಲಿ, ಹೊಟ್ಟೆನೋವೆಂದು ಸ್ಕ್ಯಾನಿಂಗ್ ಮಾಡಿಸಿ, ಪಿತ್ತಕೋಶದಲ್ಲಿ ಕಲ್ಲಿದೆ ಎಂಬ ವರದಿ ಹಿಡಿದು ಮನೆಗೆ ಬಂದ ಮೇಲೆ ಮೊದಲು ಏಳುವ ಪ್ರಶ್ನೆ ಒಂದೇ: ‘ಹೊಟ್ಟೆ ಕುಯ್ತಾರೋ, ತೂತು ಹಾಕಿ ತೆಗೀತಾರೋ?’ ಈ ಪ್ರಶ್ನೆಯನ್ನು ಯಾರೂ ಹಗುರವಾಗಿ ಕಾಣಬಾರದು. ಅರಿಶಿನ ಅಗೆಯುವ, ಬಾಳೆಗೊನೆ ಹೊರುವ, ಕರಿಕಲ್ಲಿನ ಕ್ವಾರಿಯಲ್ಲಿ ದುಡಿಯುವ ಜನಕ್ಕೆ ಹೊಟ್ಟೆಯ ಸ್ನಾಯು ಗಟ್ಟಿಯಾಗಿದ್ದರೆ ಮಾತ್ರ ಕೂಲಿ. ಎಷ್ಟು ದಿನ ಮಲಗಬೇಕು, ಎಷ್ಟು ಸಾಲವಾಗುತ್ತದೆ, ಮತ್ತೆ ಮೊದಲಿನಂತೆ ಭಾರ ಎತ್ತಬಹುದೇ ಎಂಬ ಮೂರು ಚಿಂತೆಗಳು ಆ ಒಂದು ಪ್ರಶ್ನೆಯಲ್ಲಿ ಸೇರಿಕೊಂಡಿವೆ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ರಂಧ್ರದ ಮೂಲಕ ಮಾಡುವ ಶಸ್ತ್ರಚಿಕಿತ್ಸೆ, ಅಂದರೆ ಲ್ಯಾಪರೋಸ್ಕೋಪಿ, ಹಲವು ಕಾಯಿಲೆಗಳಲ್ಲಿ ರೋಗಿಗೆ ನಿಜವಾಗಿಯೂ ಹಿತ. ಆದರೆ ಆ ಹಿತ ರಂಧ್ರ ಚಿಕ್ಕದೆಂಬ ಕಾರಣದಿಂದಲೇ ತಾನಾಗಿ ಬರುವುದಿಲ್ಲ. ಕಾಯಿಲೆ ಯಾವುದು, ಮಾಡುವ ಕೈ ಎಷ್ಟು ಪಳಗಿದೆ, ಆಸ್ಪತ್ರೆಯ ವ್ಯವಸ್ಥೆ ಎಷ್ಟು ಭದ್ರವಾಗಿದೆ ಎಂಬ ಮೂರು ಸಂಗತಿಗಳ ಮೇಲೆ ಅದು ನಿಂತಿದೆ. ಗಾಯದ ಉದ್ದ ಕೇಳುವುದಕ್ಕೆ ಮೊದಲು ಈ ಮೂರನ್ನು ವಿಚಾರಿಸಬೇಕು.

ಎರಡು ವಿಧಾನಗಳೂ ಒಳಗೆ ಮಾಡುವ ಕೆಲಸ ಒಂದೇ. ಪಿತ್ತಕೋಶ ತೆಗೆಯುವುದನ್ನೇ ನೋಡಿ. ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಬಲ ಪಕ್ಕೆಲುಬಿನ ಕೆಳಗೆ ಹತ್ತರಿಂದ ಹದಿನೈದು ಸೆಂಟಿಮೀಟರ್ ಉದ್ದ ಚರ್ಮವನ್ನೂ ಸ್ನಾಯುವನ್ನೂ ಕುಯ್ದು, ವೈದ್ಯರು ಕಣ್ಣಾರೆ ಕಂಡು, ಕೈಯಾರೆ ಮುಟ್ಟಿ ಕೆಲಸ ಮಾಡುತ್ತಾರೆ. ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಕ್ 1882ರಲ್ಲಿ ಮೊದಲು ಮಾಡಿದ ಈ ಶಸ್ತ್ರಚಿಕಿತ್ಸೆ ನೂರು ವರ್ಷ ಹೆಚ್ಚು ಬದಲಾಗದೆ ನಡೆದುಬಂತು. 1985ರಲ್ಲಿ ಜರ್ಮನಿಯವರೇ ಆದ ಎರಿಕ್ ಮ್ಯೂಹೆ ಅದೇ ಪಿತ್ತಕೋಶವನ್ನು ರಂಧ್ರದ ಮೂಲಕ ಹೊರತೆಗೆದರು. ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ಅನಿಲ ತುಂಬಿ ಜಾಗ ಮಾಡಿಕೊಂಡು, ಅರ್ಧದಿಂದ ಒಂದು ಸೆಂಟಿಮೀಟರಿನಷ್ಟು ಅಗಲದ ಮೂರು ನಾಲ್ಕು ರಂಧ್ರಗಳಿಂದ ಕ್ಯಾಮೆರಾವನ್ನೂ ಉದ್ದನೆಯ ಉಪಕರಣಗಳನ್ನೂ ಇಳಿಸಿ, ಪರದೆಯ ಮೇಲೆ ನೋಡುತ್ತ ಮಾಡುವ ವಿಧಾನ ಇದು. ನಮ್ಮಲ್ಲಿ ಅನೇಕರು ನಂಬಿರುವಂತೆ ಇದರಲ್ಲಿ ಲೇಸರ್ ಕಿರಣದ ಪಾತ್ರವಿಲ್ಲ. ಭಾರತದಲ್ಲಿ ಇದನ್ನು ಮೊದಲು ಮಾಡಿದವರು ಮುಂಬಯಿಯ ಡಾ. ತೆಹಮ್ಟನ್ ಉದ್ವಾಡಿಯಾ, 1990ರಲ್ಲಿ, ಅದೂ ಬಡವರೇ ಹೆಚ್ಚಾಗಿ ಬರುವ ಸರ್ಕಾರಿ ಜೆ.ಜೆ. ಆಸ್ಪತ್ರೆಯಲ್ಲಿ. ರಂಧ್ರದ ಶಸ್ತ್ರಚಿಕಿತ್ಸೆ ಉಳ್ಳವರ ಸೌಕರ್ಯವಾಗಿ ಈ ದೇಶಕ್ಕೆ ಕಾಲಿಡಲಿಲ್ಲ ಎಂಬುದನ್ನು ನೆನಪಿನಲ್ಲಿಡೋಣ. ದಿನಗೂಲಿಯವನನ್ನು ಬೇಗ ಕೆಲಸಕ್ಕೆ ಕಳಿಸುವ ಚಿಕಿತ್ಸೆ ಬಡ ದೇಶಕ್ಕೇ ಹೆಚ್ಚು ಬೇಕೆಂಬುದು ಅವರು ಬಾಳುದ್ದಕ್ಕೂ ಮಂಡಿಸಿದ ವಾದ.

ಆ ವಾದಕ್ಕೆ ಆಧಾರವಿದೆ. ಪಿತ್ತಕೋಶದ ಕಲ್ಲಿಗೆ ಎರಡು ವಿಧಾನಗಳನ್ನು ಹೋಲಿಸಿದ 38 ಪ್ರಯೋಗಗಳನ್ನು, ಒಟ್ಟು 2,300ಕ್ಕೂ ಹೆಚ್ಚು ರೋಗಿಗಳ ವಿವರಗಳನ್ನು, ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2006ರಲ್ಲಿ ಒಟ್ಟುಗೂಡಿಸಿ ಪರಿಶೀಲಿಸಿತು. ಸಾವಿನಲ್ಲಾಗಲಿ, ತೊಡಕುಗಳಲ್ಲಾಗಲಿ ಎರಡಕ್ಕೂ ಎದ್ದುಕಾಣುವ ವ್ಯತ್ಯಾಸ ಸಿಗಲಿಲ್ಲ. ಆದರೆ ರಂಧ್ರದ ವಿಧಾನದವರು ಸರಾಸರಿ ಮೂರು ದಿನ ಮೊದಲೇ ಆಸ್ಪತ್ರೆ ಬಿಟ್ಟರು, ಸುಮಾರು ಮೂರು ವಾರ ಮೊದಲೇ ಚೇತರಿಸಿಕೊಂಡರು. ಚಂದಕವಾಡಿಯ ಲೆಕ್ಕದಲ್ಲಿ ಮೂರು ವಾರ ಎಂದರೆ ಒಂದು ಸುಗ್ಗಿಯ ಕೂಲಿ. ರೋಗಿಯ ಕೂಲಿಯ ಜೊತೆಗೆ ಆಸ್ಪತ್ರೆಯಲ್ಲಿ ಕಾಯುತ್ತ ಕೂತವರ ಕೂಲಿಯೂ ಉಳಿಯುತ್ತದೆ. ಚರ್ಮದ ಗಾಯಕ್ಕೆ ಕೀವಾಗುವ ಸಂಭವವೂ ಚಿಕ್ಕ ರಂಧ್ರದಲ್ಲಿ ಕಡಿಮೆ. ಹಲವು ದೇಶಗಳ ಶಸ್ತ್ರವೈದ್ಯರು ಸೇರಿ 2018ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದ ಪ್ರಕಾರ ಜೀರ್ಣಾಂಗದ ಶಸ್ತ್ರಚಿಕಿತ್ಸೆಯ ಬಳಿಕ ಗಾಯಕ್ಕೆ ಸೋಂಕು ತಗಲುವುದು ಮುಂದುವರಿದ ದೇಶಗಳಲ್ಲಿ ನೂರಕ್ಕೆ 9ರಷ್ಟು ಮಂದಿಗೆ, ಮಧ್ಯಮ ದೇಶಗಳಲ್ಲಿ 14ರಷ್ಟು, ಹಿಂದುಳಿದ ದೇಶಗಳಲ್ಲಿ 23ರಷ್ಟು. ಸೋಂಕು ಹೆಚ್ಚಿರುವ ಕಡೆಯಲ್ಲೇ ಚಿಕ್ಕ ಗಾಯದ ಲಾಭವೂ ಹೆಚ್ಚು. ದೊಡ್ಡ ಗಾಯದ ಜಾಗದಲ್ಲಿ ಮುಂದೆ ಹರ್ನಿಯಾ ಬರುವ ಭಯವೂ ರಂಧ್ರದಲ್ಲಿ ಕಡಿಮೆ. ಆದ್ದರಿಂದ ಪಿತ್ತಕೋಶ ತೆಗೆಯಲೇಬೇಕೆಂದಾಗ, ಅನುಭವವಿರುವ ಕೈ ಸಿಕ್ಕರೆ, ರಂಧ್ರದ ವಿಧಾನವೇ ಮೊದಲ ಆಯ್ಕೆ. ಇದರಲ್ಲಿ ನನಗೆ ಸಂಶಯವಿಲ್ಲ.

ಇಷ್ಟಕ್ಕೇ ಮಾತು ಮುಗಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಇಂಗ್ಲೆಂಡಿನ ಷೆಫೀಲ್ಡಿನಲ್ಲಿ 200 ರೋಗಿಗಳ ಮೇಲೆ ನಡೆದು 1996ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇಲ್ಲಿ ಬಹಳ ಮುಖ್ಯ. ಅಲ್ಲಿ ರಂಧ್ರದ ವಿಧಾನವನ್ನು ಹೋಲಿಸಿದ್ದು ಹಳೆಯ ಉದ್ದನೆಯ ಗಾಯದ ಜೊತೆಗಲ್ಲ; ಅಗತ್ಯವಿದ್ದಷ್ಟೇ ಕುಯ್ದು, ಸಣ್ಣ ಗಾಯದಲ್ಲೇ ಮುಗಿಸುವ ತೆರೆದ ಶಸ್ತ್ರಚಿಕಿತ್ಸೆಯ ಜೊತೆಗೆ. ಎಲ್ಲ ರೋಗಿಗಳ ಹೊಟ್ಟೆಗೂ ಒಂದೇ ಬಗೆಯ ಪಟ್ಟಿ ಹಾಕಿದ್ದರಿಂದ ಯಾರಿಗೆ ಯಾವುದು ಮಾಡಿದ್ದಾರೆಂಬುದು ರೋಗಿಗೂ ಗೊತ್ತಿಲ್ಲ, ಆರೈಕೆ ಮಾಡುವ ದಾದಿಯರಿಗೂ ಗೊತ್ತಿಲ್ಲ. ಫಲಿತಾಂಶ ನೋಡಿದರೆ, ಎರಡು ಗುಂಪಿನವರೂ ಆಸ್ಪತ್ರೆಯಲ್ಲಿ ಉಳಿದ ರಾತ್ರಿಗಳು ಸಮ, ಚೇತರಿಕೆಯ ವಾರಗಳೂ ಹೆಚ್ಚುಕಡಿಮೆ ಸಮ. ಸಣ್ಣ ಗಾಯದ ತೆರೆದ ಶಸ್ತ್ರಚಿಕಿತ್ಸೆ ಸುಮಾರು 40 ನಿಮಿಷಕ್ಕೆ ಮುಗಿದರೆ ರಂಧ್ರದ್ದು 65 ನಿಮಿಷ ತೆಗೆದುಕೊಂಡಿತ್ತು. ಇಂಥ ಇನ್ನಷ್ಟು ಪ್ರಯೋಗಗಳನ್ನು ಕೂಡಿಸಿ ನೋಡಿದಾಗಲೂ ಚೇತರಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದರಿಂದ ಎರಡು ಪಾಠ ಸಿಗುತ್ತವೆ. ಬೇಗ ಎದ್ದು ಓಡಾಡುವುದರಲ್ಲಿ ರೋಗಿಯ ನಂಬಿಕೆಗೂ ವೈದ್ಯರು ಕೊಡುವ ಧೈರ್ಯಕ್ಕೂ ದೊಡ್ಡ ಪಾಲಿದೆ. ದೊಡ್ಡ ಗಾಯವಾದವರನ್ನು ವಾರಗಟ್ಟಲೆ ಮಲಗಿಸಿಡುವ ನಮ್ಮ ರೂಢಿಯೇ ಎಷ್ಟೋ ಸಲ ಚೇತರಿಕೆಯನ್ನು ತಡಮಾಡುತ್ತದೆ. ಎರಡನೆಯ ಪಾಠ, ಪಳಗಿದ ಕೈಯಲ್ಲಿ ತೆರೆದ ಶಸ್ತ್ರಚಿಕಿತ್ಸೆ ಹಿಂದುಳಿದ ವಿದ್ಯೆಯೇನೂ ಅಲ್ಲ. ತನ್ನ ಊರಿನ ಆಸ್ಪತ್ರೆಯಲ್ಲಿ ಅದು ಮಾತ್ರ ಸಿಗುತ್ತದೆ ಎಂದಾದರೆ ರೋಗಿ ಎದೆಗೆಡಬೇಕಾಗಿಲ್ಲ.

ಚಿಕ್ಕ ರಂಧ್ರದ ಹಿಂದಿರುವ ಅಪಾಯಗಳನ್ನೂ ಬಿಡಿಸಿ ಹೇಳಬೇಕು. ಪಿತ್ತಕೋಶದ ಬುಡದಲ್ಲೇ ಪಿತ್ತಜನಕಾಂಗದಿಂದ ಕರುಳಿಗೆ ಹೋಗುವ ಪಿತ್ತನಾಳವಿದೆ. ಅದಕ್ಕೆ ಪೆಟ್ಟಾದರೆ ಕಾಮಾಲೆ, ಸೋಂಕು, ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ, ಹೀಗೆ ವರ್ಷಗಟ್ಟಲೆ ಬವಣೆ. ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಈ ಪೆಟ್ಟು ಸಾವಿರಕ್ಕೆ ಒಂದೆರಡು ಎಂದಿದ್ದರೆ, ರಂಧ್ರದ ವಿಧಾನ ಹರಡಿದ ಮೊದಲ ವರ್ಷಗಳಲ್ಲಿ ಅದು ನಾಲ್ಕೈದಕ್ಕೆ ಏರಿತು. ಪರದೆಯ ಮೇಲಿನ ಚಿತ್ರಕ್ಕೆ ಆಳ ಕಾಣುವುದಿಲ್ಲ, ಕೈಗೆ ಸ್ಪರ್ಶ ತಿಳಿಯುವುದಿಲ್ಲ. ಆ ಕೊರತೆ ತುಂಬಿಕೊಳ್ಳಲು ತರಬೇತಿಯೂ ತಾಳ್ಮೆಯೂ ಬೇಕು. ನಮ್ಮ ದೇಶದ ವೈದ್ಯರು ಮತ್ತೆ ಮತ್ತೆ ವರದಿ ಮಾಡಿರುವ ಇನ್ನೊಂದು ತೊಂದರೆಯಿದೆ. ಆ ಸೂಕ್ಷ್ಮ ಉಪಕರಣಗಳನ್ನು ಸರಿಯಾಗಿ ಕ್ರಿಮಿಶುದ್ಧ ಮಾಡದೆ, ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ನಲ್ಲಿ ನೀರಿನಲ್ಲಿ ತೊಳೆದು ಬಳಸಿದರೆ, ಕ್ಷಯದ ಕುಲಕ್ಕೇ ಸೇರಿದ ಬೇರೆ ಜಾತಿಯ ಬ್ಯಾಕ್ಟೀರಿಯಾ ರಂಧ್ರದೊಳಗೆ ಸೇರಿಕೊಳ್ಳುತ್ತದೆ. ಗಾಯ ಮಾಗಿತು ಎಂದುಕೊಂಡು ವಾರಗಳು ಕಳೆದ ಮೇಲೆ ಅಲ್ಲಿ ಗಂಟಾಗಿ ಕೀವು ಸೋರತೊಡಗುತ್ತದೆ. ಮಾಮೂಲಿ ಔಷಧಿಗೆ ಬಗ್ಗದೆ ತಿಂಗಳುಗಟ್ಟಲೆ ಕಾಡುತ್ತದೆ. ಅನಿಲದ ಒತ್ತಡದಿಂದ ಒಂದೆರಡು ದಿನ ಹೆಗಲು ನೋಯುವುದು ಸಹಜ, ಅದಕ್ಕೆ ಹೆದರಬೇಕಿಲ್ಲ. ಆದರೆ ಅದೇ ಒತ್ತಡವನ್ನು ಹೃದಯ ಮತ್ತು ಶ್ವಾಸಕೋಶದ ಕಾಯಿಲೆ ತೀವ್ರವಾಗಿರುವವರ ದೇಹ ತಾಳುವುದೇ ಎಂದು ಅರಿವಳಿಕೆ ತಜ್ಞರು ಮೊದಲೇ ನೋಡಬೇಕು.

ಕಾಯಿಲೆಯಿಂದ ಕಾಯಿಲೆಗೆ ತೀರ್ಪು ಬದಲಾಗುತ್ತದೆ ಎಂಬುದಕ್ಕೆ ಹರ್ನಿಯಾ ಒಳ್ಳೆಯ ಉದಾಹರಣೆ. ಭಾರ ಎತ್ತುವ ಗಂಡಸರಲ್ಲಿ ಕಾಣುವ ತೊಡೆಸಂದಿಯ ಹರ್ನಿಯಾವನ್ನು ಬಲೆ ಹಾಕಿ ಸರಿಪಡಿಸುವ ತೆರೆದ ಶಸ್ತ್ರಚಿಕಿತ್ಸೆಯನ್ನು ಆ ಜಾಗಕ್ಕೆ ಮಾತ್ರ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಮಾಡಿ ಮುಗಿಸಬಹುದು. ರಂಧ್ರದ ವಿಧಾನಕ್ಕೆ ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಬೇಕು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಎರಡು ವರ್ಷದೊಳಗೆ ಹರ್ನಿಯಾ ಮರುಕಳಿಸಿದ್ದು ತೆರೆದ ವಿಧಾನದಲ್ಲಿ ನೂರಕ್ಕೆ 4.9, ರಂಧ್ರದ ವಿಧಾನದಲ್ಲಿ 10.1. ನೂರಾರು ಶಸ್ತ್ರಚಿಕಿತ್ಸೆ ಮಾಡಿ ಪಳಗಿದ ವೈದ್ಯರ ಕೈಯಲ್ಲಿ ಈ ಅಂತರ ಇಳಿಯಿತು. ದೊಡ್ಡಕರುಳಿನ ಕ್ಯಾನ್ಸರಿನ ಕಥೆ ಬೇರೆ. ಅದೇ ವರ್ಷ ಪ್ರಕಟವಾದ 872 ರೋಗಿಗಳ ಪ್ರಯೋಗದಲ್ಲಿ ಮೂರು ವರ್ಷದ ಹೊತ್ತಿಗೆ ಕ್ಯಾನ್ಸರ್ ಮರುಕಳಿಸಿದ್ದು ಎರಡರಲ್ಲೂ ಹೆಚ್ಚುಕಡಿಮೆ ಸಮ, ಚೇತರಿಕೆ ರಂಧ್ರದಲ್ಲಿ ಬೇಗ. ಇದನ್ನು ನೋಡಿ ಎಲ್ಲ ಕ್ಯಾನ್ಸರಿಗೂ ಇದೇ ಅನ್ವಯ ಎಂದುಕೊಂಡಿದ್ದ ವೈದ್ಯಲೋಕಕ್ಕೆ 2018ರಲ್ಲಿ ಎಚ್ಚರಿಕೆ ಸಿಕ್ಕಿತು. ಆರಂಭದ ಹಂತದ ಗರ್ಭಕಂಠದ ಕ್ಯಾನ್ಸರಿಗೆ ಗರ್ಭಕೋಶ ತೆಗೆಸಿಕೊಂಡ ಹೆಂಗಸರಲ್ಲಿ, ನಾಲ್ಕೂವರೆ ವರ್ಷದ ಹೊತ್ತಿಗೆ ರೋಗ ಮರಳದೆ ಬದುಕಿದ್ದವರು ತೆರೆದ ಶಸ್ತ್ರಚಿಕಿತ್ಸೆಯವರಲ್ಲಿ ನೂರಕ್ಕೆ 96.5, ರಂಧ್ರದ ವಿಧಾನದವರಲ್ಲಿ 86. ಗರ್ಭಕಂಠದ ಕ್ಯಾನ್ಸರ್ ನಮ್ಮ ಹಳ್ಳಿಯ ಹೆಣ್ಣುಮಕ್ಕಳನ್ನು ಕಾಡುವ ಮುಖ್ಯ ಕ್ಯಾನ್ಸರುಗಳಲ್ಲೊಂದು. ಅಲ್ಲಿ ಗಾಯ ಚಿಕ್ಕದಾಗಲಿ ಎಂದು ಹಟ ಹಿಡಿಯುವುದು ಪ್ರಾಣಕ್ಕೇ ಎರವಾಗಬಹುದು.

ಆಸ್ಪತ್ರೆಯ ವ್ಯವಸ್ಥೆ ಎಂದೆನಲ್ಲ, ಅದಕ್ಕೆ ಸಾಕ್ಷಿ ನಮ್ಮ ಹಳ್ಳಿಗಳಿಗೆ ಮೊದಲು ಪರಿಚಯವಾದ ಲ್ಯಾಪರೋಸ್ಕೋಪಿಯಲ್ಲೇ ಇದೆ. ಗ್ರಾಮೀಣ ಹೆಂಗಸರಿಗೆ ಆ ಹೆಸರು ತಿಳಿದದ್ದು ಸಂತಾನಹರಣ ಶಿಬಿರಗಳಿಂದ. ಒಳ್ಳೆಯ ವ್ಯವಸ್ಥೆಯಲ್ಲಿ ಅದು ಕೆಲವೇ ನಿಮಿಷಗಳ, ಬಹಳ ಸುರಕ್ಷಿತವಾದ ಶಸ್ತ್ರಚಿಕಿತ್ಸೆ. ಆದರೆ 2014ರ ನವೆಂಬರಿನಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರ ಜಿಲ್ಲೆಯಲ್ಲಿ, ಮುಚ್ಚಿಹೋಗಿದ್ದ ಆಸ್ಪತ್ರೆಯ ಕಟ್ಟಡದಲ್ಲಿ ನಡೆದ ಶಿಬಿರದಲ್ಲಿ ಒಬ್ಬರೇ ಶಸ್ತ್ರವೈದ್ಯರು ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಇದನ್ನು ಮಾಡಿದರು. ಆ ದಿನಗಳಲ್ಲಿ ಜಿಲ್ಲೆಯ ಶಿಬಿರಗಳಿಗೆ ಹೋಗಿಬಂದ ಹತ್ತಕ್ಕೂ ಹೆಚ್ಚು ಹೆಂಗಸರು ಸತ್ತರು. ಸಾವಿಗೆ ಸೋಂಕು ಕಾರಣವೋ, ಕೊಟ್ಟ ಮಾತ್ರೆಗಳ ದೋಷ ಕಾರಣವೋ ಎಂಬ ಚರ್ಚೆ ನಡೆಯಿತು. ಯಾವುದೇ ಆದರೂ ರಂಧ್ರ ಚಿಕ್ಕದಿದ್ದುದು ಅವರನ್ನು ಉಳಿಸಲಿಲ್ಲ. ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿತು. ಚಾಮರಾಜನಗರ ಕೂಡ 2021ರ ಮೇ ತಿಂಗಳಲ್ಲಿ ಆಮ್ಲಜನಕದ ಕೊರತೆಯಿಂದ ಒಂದೇ ದಿನದಲ್ಲಿ ಹಲವು ಜೀವಗಳನ್ನು ಕಳೆದುಕೊಂಡ ನೋವನ್ನು ಕಂಡ ಊರು. ಕಟ್ಟಡ ಮತ್ತು ಯಂತ್ರಗಳ ಹಿಂದೆ ಆಮ್ಲಜನಕ, ವಿದ್ಯುತ್ತು, ಶುದ್ಧ ಉಪಕರಣ, ಎಚ್ಚರವಿರುವ ಜನ ಇವಿಷ್ಟೂ ಇರಬೇಕೆಂಬುದನ್ನು ಈ ಜಿಲ್ಲೆಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಇನ್ನೊಂದು ಸೂಕ್ಷ್ಮವಾದ ಅಪಾಯವಿದೆ. ಶಸ್ತ್ರಚಿಕಿತ್ಸೆ ಸುಲಭ ಎನ್ನಿಸಿದಾಗ ಅಗತ್ಯವಿಲ್ಲದವರಿಗೂ ಅದು ನಡೆದುಬಿಡುತ್ತದೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ರಂಧ್ರದ ವಿಧಾನ ಬಂದ ಮೇಲೆ, 1992ರ ಹೊತ್ತಿಗೆ, ಪಿತ್ತಕೋಶ ತೆಗೆಯುವ ಪ್ರಮಾಣ ನೂರಕ್ಕೆ 28ರಷ್ಟು ಏರಿತ್ತು. ಒಬ್ಬೊಬ್ಬ ರೋಗಿಯ ಲೆಕ್ಕದಲ್ಲಿ ಸಾವಿನ ಅಪಾಯ ಇಳಿದಿದ್ದರೂ, ಮಾಡಿಸಿಕೊಳ್ಳುವವರೇ ಹೆಚ್ಚಾದ್ದರಿಂದ ಒಟ್ಟು ಸಾವುಗಳು ಇಳಿಯಲಿಲ್ಲ. ಇದು ನಮಗೆ ತೀರಾ ಹತ್ತಿರದ ಮಾತು. ಬೇರೆ ಯಾವುದಕ್ಕೋ ಸ್ಕ್ಯಾನಿಂಗ್ ಮಾಡಿಸಿದಾಗ ಕಲ್ಲು ಕಂಡಿತು, ನೋವೇನೂ ಇಲ್ಲ. ಆದರೂ ‘ಚಿಕ್ಕ ತೂತು ತಾನೆ, ತೆಗೆಸಿಬಿಡಿ’ ಎಂಬ ಸಲಹೆ ಬರುತ್ತದೆ. ನೋವು ಕೊಡದೆ ಸುಮ್ಮನಿರುವ ಕಲ್ಲು ಮುಂದಿನ ಹದಿನೈದಿಪ್ಪತ್ತು ವರ್ಷಗಳಲ್ಲೂ ಐವರಲ್ಲಿ ನಾಲ್ವರಿಗೆ ತೊಂದರೆ ಕೊಡುವುದಿಲ್ಲ ಎಂಬುದು ಅಧ್ಯಯನಗಳಿಂದ ತಿಳಿದಿದೆ. ಕೆಲವು ವಿಶೇಷ ಸಂದರ್ಭಗಳನ್ನು ಬಿಟ್ಟರೆ ಅಂಥ ಕಲ್ಲನ್ನು ಗಮನಿಸುತ್ತ ಇರಬಹುದು. ಗರ್ಭಕೋಶದ ವಿಷಯದಲ್ಲಂತೂ ಇದು ಇನ್ನೂ ನಿಜ. ಔಷಧಿಯಿಂದ ನಿಲ್ಲುವ ರಕ್ತಸ್ರಾವಕ್ಕೂ ಬಿಳಿಮುಟ್ಟಿಗೂ ಗರ್ಭಕೋಶವನ್ನೇ ತೆಗೆಸಿಕೊಂಡ ಹೆಂಗಸರ ದೂರುಗಳು ಕಲಬುರಗಿ ಜಿಲ್ಲೆಯ ತಾಂಡಾಗಳಿಂದ ಎದ್ದು ನಾಡಿನಾದ್ಯಂತ ಚರ್ಚೆಯಾದದ್ದು ಬಹಳ ಹಿಂದಿನ ಮಾತಲ್ಲ. ಅನಗತ್ಯವಾದ ಶಸ್ತ್ರಚಿಕಿತ್ಸೆ ಎಷ್ಟು ಚಿಕ್ಕ ರಂಧ್ರದಿಂದ ನಡೆದರೂ ಅನಗತ್ಯವೇ.

ಇಲ್ಲಿ ಒಂದು ಗಂಭೀರ ಆಕ್ಷೇಪ ಬರುತ್ತದೆ. ಉಳ್ಳವರು ಮೈಸೂರಿಗೋ ಕೊಯಮತ್ತೂರಿಗೋ ಹೋಗಿ ರಂಧ್ರದಲ್ಲಿ ಮುಗಿಸಿಕೊಂಡು ಬರುವಾಗ, ಬಡವರಿಗೆ ‘ಕುಯ್ಸಿಕೊಳ್ಳಿ, ಅದೂ ಒಳ್ಳೆಯದೇ’ ಎಂದು ಹೇಳುವುದು ಯಾವ ನ್ಯಾಯ? ಆಕ್ಷೇಪ ಸರಿಯಾಗಿಯೇ ಇದೆ, ಅದರ ಉತ್ತರವೂ ನೇರವಾಗಿರಬೇಕು. ರಂಧ್ರದ ವಿಧಾನ ಮೇಲಾಗಿರುವ ಕಾಯಿಲೆಗಳಲ್ಲಿ ಅದು ಈ ಜಿಲ್ಲೆಯಲ್ಲೇ, ಸರ್ಕಾರಿ ಆಸ್ಪತ್ರೆಯಲ್ಲೇ, ಪ್ರತಿಯೊಬ್ಬರಿಗೂ ಸಿಗಬೇಕು. ಚಾಮರಾಜನಗರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಅದರ 450 ಹಾಸಿಗೆಗಳ ಬೋಧನಾ ಆಸ್ಪತ್ರೆಯನ್ನು 2021ರ ಅಕ್ಟೋಬರಿನಲ್ಲಿ ರಾಷ್ಟ್ರಪತಿಗಳು ಉದ್ಘಾಟಿಸಿದ್ದಾರೆ. ಅಲ್ಲಿ ಪಳಗಿದ ಶಸ್ತ್ರವೈದ್ಯರೂ ಅರಿವಳಿಕೆ ತಜ್ಞರೂ ಉಪಕರಣಗಳನ್ನು ಶುದ್ಧ ಮಾಡುವ ಸಿಬ್ಬಂದಿಯೂ ಸದಾ ಇರುವಂತೆ ಒತ್ತಾಯಿಸುವುದು ನಮ್ಮ ಹಕ್ಕು. ಅನಿಲ ತುಂಬದೆ, ಹೊಟ್ಟೆಯ ಗೋಡೆಯನ್ನು ಹೊರಗಿನಿಂದ ಎತ್ತಿ ಹಿಡಿದು, ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಕಡಿಮೆ ಖರ್ಚಿನಲ್ಲಿ ಲ್ಯಾಪರೋಸ್ಕೋಪಿ ಮಾಡುವ ಕ್ರಮವನ್ನು ಈಶಾನ್ಯ ಭಾರತದ ಹಳ್ಳಿಗಾಡಿನಲ್ಲಿ ಗ್ರಾಮೀಣ ಶಸ್ತ್ರವೈದ್ಯರು ನಡೆಸಿ ತೋರಿಸಿದ್ದಾರೆ. ಬಿಳಿಗಿರಿರಂಗನ ಬೆಟ್ಟದ ಪೋಡುಗಳ ಸೋಲಿಗರಿಗೂ ತಲುಪಬಲ್ಲ ದಾರಿಗಳಿವೆ ಎಂದಾಯಿತು. ನಾನು ಬೇಡವೆನ್ನುವುದು ಒಂದನ್ನೇ: ರಂಧ್ರಕ್ಕಾಗಿಯೇ ಜಮೀನು ಅಡವಿಡುವುದನ್ನು, ಒಡವೆ ಮಾರುವುದನ್ನು. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ನೆರವಿದೆ. ಸಹಕಾರ ಸಂಘದ ಸದಸ್ಯರಿಗೆ 2003ರಲ್ಲಿ ಶುರುವಾಗಿ, ನಡುವೆ ನಿಂತು, ಮತ್ತೆ ಜಾರಿಗೆ ಬಂದಿರುವ ಯಶಸ್ವಿನಿ ಯೋಜನೆಯಿದೆ. ಸಾಲಕ್ಕೆ ಕೈಚಾಚುವ ಮೊದಲು ಜಿಲ್ಲಾಸ್ಪತ್ರೆಯಲ್ಲಿ ಈ ಯೋಜನೆಗಳ ವಿಚಾರ ಕೇಳಿ, ಅಲ್ಲಿ ಸೌಲಭ್ಯವಿಲ್ಲವೆಂದಾದರೆ ಬೇರೆಡೆಗೆ ಕಳಿಸುವ ಪತ್ರವನ್ನು ಅಲ್ಲಿಂದಲೇ ಪಡೆಯಬೇಕು.

ಎರಡನೆಯ ಆಕ್ಷೇಪ ಹೀಗಿದೆ: ಇವೆಲ್ಲ ವೈದ್ಯರು ತೀರ್ಮಾನಿಸುವ ವಿಷಯ, ಓದುಬರಹ ಬಾರದ ರೋಗಿ ಏನು ಬಲ್ಲ? ರೋಗಿಗೆ ಅಂಗರಚನೆ ಗೊತ್ತಿಲ್ಲದಿರಬಹುದು. ತನ್ನ ಕೆಲಸ, ತನ್ನ ಸುಗ್ಗಿ, ತನ್ನ ಸಾಲ, ತನ್ನ ಭಯ ಅವನಿಗೆ ಗೊತ್ತು. ಅವು ವೈದ್ಯರಿಗೆ ಗೊತ್ತಿಲ್ಲ. ಎರಡು ತಿಳಿವಳಿಕೆಗಳೂ ಕೂಡಿದಾಗಲೇ ಸರಿಯಾದ ತೀರ್ಮಾನ ಹುಟ್ಟುತ್ತದೆ. ಮೂರನೆಯ ಆಕ್ಷೇಪ ಹೊಸ ಪೀಳಿಗೆಯದು: ರಂಧ್ರದ ವಿಧಾನವೇ ನಾಳೆಯದಾದರೆ ತೆರೆದ ಶಸ್ತ್ರಚಿಕಿತ್ಸೆಯ ಮಾತೇಕೆ? ಜಗತ್ತಿನ ಶಸ್ತ್ರಚಿಕಿತ್ಸೆಯ ಸ್ಥಿತಿಗತಿ ಪರಿಶೀಲಿಸಿದ ಲ್ಯಾನ್ಸೆಟ್ ಆಯೋಗ 2015ರಲ್ಲಿ, ಒಂದು ಆಸ್ಪತ್ರೆ ಸಮರ್ಥವೇ ಎಂದು ಅಳೆಯಲು ಆರಿಸಿಕೊಂಡ ಮೂರು ಕೆಲಸಗಳು ಸಿಸೇರಿಯನ್ ಹೆರಿಗೆ, ಹೊಟ್ಟೆ ತೆರೆದು ಮಾಡುವ ಶಸ್ತ್ರಚಿಕಿತ್ಸೆ, ಮೂಳೆ ಮುರಿದು ಚರ್ಮ ಸೀಳಿ ಹೊರಬಂದಾಗಿನ ಚಿಕಿತ್ಸೆ. ಟ್ರ್ಯಾಕ್ಟರ್ ಮಗುಚಿ ಗುಲ್ಮ ಒಡೆದು ರಕ್ತ ಸುರಿಯುತ್ತಿರುವಾಗ ಹೊಟ್ಟೆ ತೆರೆಯಬಲ್ಲ ಕೈ ಬೇಕು. ರಂಧ್ರದಿಂದ ಶುರುವಾದ ಶಸ್ತ್ರಚಿಕಿತ್ಸೆಯೂ, ಒಳಗೆ ಅಂಟುಗಳಿದ್ದರೆ ಅಥವಾ ರಕ್ತ ನಿಲ್ಲದಿದ್ದರೆ, ಅದೇ ಮೇಜಿನ ಮೇಲೆ ತೆರೆದ ಶಸ್ತ್ರಚಿಕಿತ್ಸೆಯಾಗಿ ಬದಲಾಗಬೇಕಾಗುತ್ತದೆ. ಹಾಗೆ ಬದಲಾಯಿಸುವುದು ವೈದ್ಯರ ಸೋಲಲ್ಲ, ವಿವೇಕ. ಅದಕ್ಕಾಗಿ ಅವರ ಮೇಲೆ ಜಗಳಕ್ಕೆ ನಿಲ್ಲುವ ಮನೆಯವರು ಮುಂದಿನ ರೋಗಿಯ ಪ್ರಾಣವನ್ನು ಅಪಾಯಕ್ಕೆ ದೂಡುತ್ತಾರೆ, ಏಕೆಂದರೆ ಬಯ್ಗುಳಕ್ಕೆ ಹೆದರಿದ ವೈದ್ಯರು ರಂಧ್ರದಲ್ಲೇ ಹಟಕ್ಕೆ ಬಿದ್ದು ಮುಂದುವರಿಯುವ ಸಂಭವವಿದೆ.

ಕೇಳುಗರೇ, ಹಾಗಾದರೆ ಶಸ್ತ್ರಚಿಕಿತ್ಸೆಗೆ ಒಪ್ಪಿ ಸಹಿ ಅಥವಾ ಹೆಬ್ಬೆಟ್ಟು ಹಾಕುವ ಮೊದಲು ಐದು ಪ್ರಶ್ನೆಗಳನ್ನು ಧೈರ್ಯವಾಗಿ ಕೇಳಿ. ಈ ಶಸ್ತ್ರಚಿಕಿತ್ಸೆ ನನಗೆ ಬೇಕೇ ಬೇಕೆ, ಮಾಡಿಸದಿದ್ದರೆ ಏನಾಗುತ್ತದೆ? ನನ್ನ ಕಾಯಿಲೆಗೆ ಎರಡು ವಿಧಾನಗಳಲ್ಲಿ ಯಾವುದು ಮೇಲು, ಏಕೆ? ಇದನ್ನು ಇಲ್ಲಿ ಎಷ್ಟು ಮಂದಿಗೆ ಮಾಡಿದ್ದೀರಿ? ನಡುವೆ ತೊಡಕಾದರೆ ಹೊಟ್ಟೆ ತೆರೆಯಲು ವೈದ್ಯರೂ ರಕ್ತವೂ ಅರಿವಳಿಕೆ ತಜ್ಞರೂ ಇಲ್ಲೇ ಸಿದ್ಧವಿದ್ದಾರೆಯೇ? ನಾನು ಎಂದಿನಿಂದ ಭಾರ ಎತ್ತಬಹುದು, ಒಟ್ಟು ಖರ್ಚೆಷ್ಟು, ಯೋಜನೆಯಲ್ಲಿ ಎಷ್ಟು ಬರುತ್ತದೆ? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ. ಶಸ್ತ್ರಚಿಕಿತ್ಸೆಯ ಬಳಿಕ ಜ್ವರ, ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು, ಹಳದಿಗಣ್ಣು ಅಥವಾ ಗಾಯದಲ್ಲಿ ಸೋರಿಕೆ ಕಂಡರೆ, ರಂಧ್ರ ಚಿಕ್ಕದೆಂದು ಉದಾಸೀನ ಮಾಡದೆ, ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ. ರಂಧ್ರದ ವಿಧಾನ ನಿಮಗೆ ಸರಿಯಾದದ್ದು ಎಂದಾದರೆ ಹೆದರದೆ ಒಪ್ಪಿಕೊಳ್ಳಿ. ತೆರೆದದ್ದೇ ಸರಿ ಎಂದಾದರೆ ಅದನ್ನೂ ಅಷ್ಟೇ ನೆಮ್ಮದಿಯಿಂದ ಒಪ್ಪಿಕೊಳ್ಳಿ.